ಚಿಪ್ಪುಮೀನಿನ ವಿಷಗಳ ಪರೀಕ್ಷೆ: ಪ್ರಾಣಿಗೃಹವಿಲ್ಲದ ಪ್ರಯೋಗಾಲಯ ಯಾವ ವಿಧಾನದಿಂದ ಆರಂಭಿಸಬೇಕು?

ಪ್ರಶ್ನೆ — ಕರಾವಳಿ ವಿಶ್ಲೇಷಕಿ

ಮಾನ್ಯರೇ,

ದಕ್ಷಿಣ ಕನ್ನಡದ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ರಸಾಯನ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಸಿಗಡಿ ಮತ್ತು ಮೀನಿನಲ್ಲಿ ಆಂಟಿಬಯೋಟಿಕ್‌ಗಳ ಉಳಿಕೆ, ಭಾರಲೋಹಗಳು, ಹಿಸ್ಟಮಿನ್ ಇವು ನಮ್ಮ ದಿನನಿತ್ಯದ ಕೆಲಸ. ಈಗ ಪಚ್ಚಿಲೆ ಮತ್ತು ಮರುವಾಯಿ ಎಂಬ ಚಿಪ್ಪುಮೀನುಗಳ ಮಾದರಿಗಳಲ್ಲಿ ಕಡಲ ಸೂಕ್ಷ್ಮ ಪಾಚಿಗಳಿಂದ ಬರುವ ವಿಷಗಳನ್ನೂ ಪರೀಕ್ಷಿಸುವ ವ್ಯವಸ್ಥೆ ಮಾಡಬೇಕೆಂದು ನಮ್ಮ ಆಡಳಿತದವರು ಯೋಚಿಸುತ್ತಿದ್ದಾರೆ ಮತ್ತು ಅದರ ಪ್ರಾಥಮಿಕ ಟಿಪ್ಪಣಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಮ್ಮಲ್ಲಿ ಒಂದು ಟ್ರಿಪಲ್ ಕ್ವಾಡ್ರುಪೋಲ್ ಎಲ್‌ಸಿ-ಎಂಎಸ್/ಎಂಎಸ್ (ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಇದೆ. ಫ್ಲೋರೊಸೆನ್ಸ್ ಹಾಗೂ ಯುವಿ ಡಿಟೆಕ್ಟರ್‌ಗಳಿರುವ ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಬೆಳಕಿನಿಂದ ಅಳೆಯುವ ಯಂತ್ರ) ಇದೆ. ಪ್ರಾಣಿಗೃಹ ಇಲ್ಲ, ಕಟ್ಟುವ ಉದ್ದೇಶವೂ ಇಲ್ಲ. ನನ್ನ ಮೊದಲ ಸಂದೇಹ ಇಷ್ಟು: ಆಂಟಿಬಯೋಟಿಕ್‌ಗಳಿಗೆ ಮಾಡುವಂತೆ ಒಂದೇ ಸಾರ ತೆಗೆದು, ಒಂದೇ ಓಟದಲ್ಲಿ ಎಲ್ಲ ವಿಷಗಳನ್ನೂ ಅಳೆಯಲು ಸಾಧ್ಯವೇ? ಎರಡನೆಯದು, ಒಂದೇ ಮಾದರಿಗೆ, ಸಾರವನ್ನು ಇಲಿಗೆ ಚುಚ್ಚಿ ನೋಡುವ ಪರೀಕ್ಷೆ ಕೊಡುವ ಸಂಖ್ಯೆಯೂ ಎಚ್‌ಪಿಎಲ್‌ಸಿ ಕೊಡುವ ಸಂಖ್ಯೆಯೂ ಹೊಂದುವುದಿಲ್ಲ ಎಂದು ಹಲವೆಡೆ ಓದಿದ್ದೇನೆ. ಎರಡೂ ವಿಧಾನಗಳು ಮಾನ್ಯತೆ ಪಡೆದವೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಯಾವ ಸಂಖ್ಯೆಯನ್ನು ನಂಬಬೇಕು? ಮೂರನೆಯದು, ಮಾರುಕಟ್ಟೆಯಲ್ಲಿ ಸಿಗುವ ಎಲೈಸಾ (ಪ್ರತಿಕಾಯದಿಂದ ವಿಷವನ್ನು ಗುರುತಿಸುವ ಪರೀಕ್ಷೆ) ಮತ್ತು ಪರೀಕ್ಷಾ ಪಟ್ಟಿಯ (ಸ್ಟ್ರಿಪ್) ಕಿಟ್‌ಗಳನ್ನು ಮೊದಲ ಹಂತದ ಜರಡಿಯಾಗಿ ಬಳಸಿದರೆ ಸಾಕಾಗುತ್ತದೆಯೇ?

ನಮ್ಮ ಕಡಲಲ್ಲಿ ಇದು ಅಪರೂಪದ ಸಮಸ್ಯೆ, ಇಷ್ಟು ಖರ್ಚು ಬೇಕೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. 1981ರಲ್ಲಿ ತಮಿಳುನಾಡಿನಲ್ಲಿ, 1983ರಲ್ಲಿ ಮಂಗಳೂರಿನ ಸಮೀಪ, 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಚಿಪ್ಪುಮೀನು ತಿಂದವರಿಗೆ ಪಾರ್ಶ್ವವಾಯುವಿನಂಥ ಲಕ್ಷಣಗಳು ಕಾಣಿಸಿಕೊಂಡು ಸಾವುಗಳೂ ಆಗಿವೆ ಎಂಬುದನ್ನು ಅವರಿಗೆ ತೋರಿಸಿದ್ದೇನೆ. ಆದ್ದರಿಂದ ಬೇಕೇ ಬೇಡವೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುತ್ತಿಲ್ಲ. ಹೇಗೆ ಮಾಡಬೇಕು ಎಂಬುದಕ್ಕೆ ಅನುಭವಿಗಳ ಮಾರ್ಗದರ್ಶನ ಬೇಕು.

ಉತ್ತರ — ಅಟ್ಲಾಂಟಿಕ್ ಕನ್ನಡಿಗ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಸಾಧ್ಯವಿಲ್ಲ. ಕೆನಡಾದ ಪೂರ್ವ ತೀರದಲ್ಲಿ ಇದೇ ಕೆಲಸ ಮಾಡುತ್ತಿರುವವನಾಗಿ ಹೇಳುವುದಾದರೆ, ಕನಿಷ್ಠ ಮೂರು ಬೇರೆ ಬೇರೆ ಸಾರಗಳನ್ನು ತೆಗೆಯಲು ಸಿದ್ಧರಾಗಿಯೇ ಯೋಜನೆಯನ್ನು ಬರೆಯಿರಿ. ಚಿಪ್ಪುಮೀನಿನ ವಿಷಗಳು ಎಂದು ನಾವು ಒಂದೇ ಗುಂಪಿನಂತೆ ಕರೆಯುವ ಸಂಯುಕ್ತಗಳು ರಸಾಯನದ ದೃಷ್ಟಿಯಿಂದ ಪರಸ್ಪರ ಸಂಬಂಧವೇ ಇಲ್ಲದವು. ಪಾರ್ಶ್ವವಾಯು ತರುವ ಸ್ಯಾಕ್ಸಿಟಾಕ್ಸಿನ್ ಬಳಗ ನೀರಿನಲ್ಲಿ ಕರಗುವ, ಧನಾವೇಶ ಹೊತ್ತ ಸಣ್ಣ ಅಣುಗಳು. ನೀರಿಗೆ ಒಲಿಯದ ಅಣುಗಳನ್ನು ಹಿಡಿಯುವ ಸಾಮಾನ್ಯ ಸಿ18 ಕಾಲಮ್ ಮೇಲೆ ಅವು ನಿಲ್ಲುವುದೇ ಇಲ್ಲ, ದ್ರಾವಣದ ಜೊತೆಗೇ ಹೊರಬರುತ್ತವೆ. ಭೇದಿ ತರುವ ಒಕಾಡಾಯಿಕ್ ಆಮ್ಲ, ಡೈನೊಫೈಸಿಸ್‌ಟಾಕ್ಸಿನ್‌ಗಳು, ಅಜಾಸ್ಪಿರಾಸಿಡ್, ಯೆಸ್ಸೊಟಾಕ್ಸಿನ್ ಇವೆಲ್ಲ ಕೊಬ್ಬಿನಲ್ಲಿ ಕರಗುವ ದೊಡ್ಡ ಅಣುಗಳು. ನೆನಪಿನ ಶಕ್ತಿಯನ್ನು ಕೆಡಿಸುವ ಡೊಮೊಯಿಕ್ ಆಮ್ಲವಾದರೋ ಒಂದು ಅಮೈನೊ ಆಮ್ಲ.

ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಸಂಸ್ಥೆಯಾದ ಕೋಡೆಕ್ಸ್‌ನ 2008ರ ಮಾನದಂಡದ ಪ್ರಕಾರ ಒಂದು ಕಿಲೋ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ ಬಳಗ 0.8 ಮಿಲಿಗ್ರಾಂ, ಒಕಾಡಾಯಿಕ್ ಆಮ್ಲದ ಬಳಗ 0.16 ಮಿಲಿಗ್ರಾಂ, ಅಜಾಸ್ಪಿರಾಸಿಡ್ 0.16 ಮಿಲಿಗ್ರಾಂ, ಡೊಮೊಯಿಕ್ ಆಮ್ಲ 20 ಮಿಲಿಗ್ರಾಂ ಮೀರಬಾರದು. ಡೊಮೊಯಿಕ್ ಆಮ್ಲದ ಮಿತಿ ಉಳಿದವುಗಳಿಗಿಂತ ಎಷ್ಟು ಮೇಲಿದೆ ಎಂಬುದನ್ನು ಗಮನಿಸಿ. ಅದಕ್ಕೆ ನಿಮ್ಮ ಯುವಿ ಡಿಟೆಕ್ಟರ್ ಧಾರಾಳವಾಗಿ ಸಾಕು. ಅರ್ಧ ನೀರು ಅರ್ಧ ಮೆಥನಾಲ್‌ನಲ್ಲಿ ಸಾರ ತೆಗೆದು, 242 ನ್ಯಾನೊಮೀಟರ್‌ನಲ್ಲಿ ಓದಿದರೆ ಆಯಿತು. ಟ್ರಿಪ್ಟೊಫಾನ್ ಅದರ ಪಕ್ಕದಲ್ಲೇ ಹೊರಬಂದು ಕಣ್ಣು ತಪ್ಪಿಸುತ್ತದೆ. ಎರಡೂ ಪೀಕ್‌ಗಳು ಬೇರ್ಪಡುವಂತೆ ನೋಡಿಕೊಳ್ಳಿ, ಸಂಶಯವಿದ್ದರೆ ಅಯಾನು ವಿನಿಮಯದ ಎಸ್‌ಪಿಇ (ಕಲ್ಮಶ ಬೇರ್ಪಡಿಸುವ ಚಿಕ್ಕ ಕೊಳವೆ) ಮೂಲಕ ಶುದ್ಧೀಕರಿಸಿ. ಇದು ಹೊಸ ಪ್ರಯೋಗಾಲಯ ಕೈಪಳಗಿಸಿಕೊಳ್ಳಲು ಅತ್ಯಂತ ಸುಲಭವಾದ ವಿಧಾನ.

ನಿಜವಾದ ಶ್ರಮ ಸ್ಯಾಕ್ಸಿಟಾಕ್ಸಿನ್ ಬಳಗದಲ್ಲಿದೆ. ಈ ಬಳಗದಲ್ಲಿ ಗುರುತಿಸಲಾಗಿರುವ ಅಣುಗಳು ಐವತ್ತಕ್ಕೂ ಹೆಚ್ಚು. ಅವು ತಾವಾಗಿ ಫ್ಲೋರೊಸೆನ್ಸ್ ತೋರುವುದಿಲ್ಲ, ಉತ್ಕರ್ಷಿಸಿದರೆ ತೋರುತ್ತವೆ. ಕಾಲಮ್‌ಗೆ ಹಾಕುವ ಮೊದಲೇ ಉತ್ಕರ್ಷಿಸುವ ಲಾರೆನ್ಸ್ ವಿಧಾನವೇ ಎಒಎಸಿ (ಪರೀಕ್ಷಾ ವಿಧಾನಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) 2005.06. ಶೇಕಡಾ 1ರ ಅಸಿಟಿಕ್ ಆಮ್ಲದಲ್ಲಿ ಮಾಂಸವನ್ನು ಬಿಸಿ ಮಾಡಿ ಸಾರ ತೆಗೆದು, ಸಿ18 ಎಸ್‌ಪಿಇಯಲ್ಲಿ ಶುದ್ಧಗೊಳಿಸಿ, ಒಂದು ಪಾಲನ್ನು ಹೈಡ್ರೊಜನ್ ಪೆರಾಕ್ಸೈಡ್‌ನಿಂದಲೂ ಇನ್ನೊಂದನ್ನು ಪೆರಿಯೊಡೇಟ್‌ನಿಂದಲೂ ಉತ್ಕರ್ಷಿಸುತ್ತಾರೆ. ನಿಯೊಸ್ಯಾಕ್ಸಿಟಾಕ್ಸಿನ್, ಗೊನಿಯಾಟಾಕ್ಸಿನ್ 1 ಮತ್ತು 4ರಂಥ ಎನ್-ಹೈಡ್ರಾಕ್ಸಿ ಅಣುಗಳು ಪೆರಾಕ್ಸೈಡ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲವಾದ್ದರಿಂದ, ಅವುಗಳ ಸುಳಿವು ಕಂಡ ಮಾದರಿಯನ್ನು ಮತ್ತೊಮ್ಮೆ ಅಯಾನು ವಿನಿಮಯದಲ್ಲಿ ಭಾಗ ಮಾಡಿ ಪ್ರತಿಯೊಂದು ಭಾಗವನ್ನೂ ಬೇರೆಯಾಗಿ ಓಡಿಸಬೇಕಾಗುತ್ತದೆ. ವಿಷವಿಲ್ಲದ ಮಾದರಿಗಳು ಬೇಗ ಮುಗಿಯುತ್ತವೆ. ವಿಷವಿರುವ ಒಂದೇ ಒಂದು ಮಾದರಿ ಇಡೀ ದಿನವನ್ನು ನುಂಗುತ್ತದೆ. ಯೋಜನಾ ಟಿಪ್ಪಣಿಯಲ್ಲಿ ದಿನಕ್ಕೆ ಇಷ್ಟು ಮಾದರಿ ಎಂದು ಬರೆಯುವಾಗ ಇದನ್ನು ಮರೆಯಬೇಡಿ, ಏಕೆಂದರೆ ವರದಿಗಾಗಿ ಜನ ಕಾದು ಕುಳಿತಿರುವ ದಿನವೇ ನಿಮ್ಮ ವೇಗ ಕುಸಿಯುತ್ತದೆ.

ಕಾಲಮ್ ದಾಟಿದ ನಂತರ ಉತ್ಕರ್ಷಿಸುವ ಎಒಎಸಿ 2011.02 ವಿಧಾನ ಕೆನಡಾದ ಆಹಾರ ತಪಾಸಣಾ ಸಂಸ್ಥೆಯ ಪ್ರಯೋಗಾಲಯದಿಂದ ಬಂದದ್ದು. ಇದರಲ್ಲಿ ಪ್ರತಿ ವಿಷವೂ ಮೊದಲು ಬೇರ್ಪಟ್ಟು ಆಮೇಲೆ ಬೆಳಗುವುದರಿಂದ ಲೆಕ್ಕ ಸರಳ. ಆದರೆ ಬಿಸಿ ಸುರುಳಿ, ಹೆಚ್ಚುವರಿ ಪಂಪುಗಳು, ಉತ್ಕರ್ಷಕ ದ್ರಾವಣದ ಕೊರೆತ, ಇವೆಲ್ಲವನ್ನೂ ಸಂಭಾಳಿಸುವ ತಾಳ್ಮೆಯುಳ್ಳ ತಂತ್ರಜ್ಞರು ಬೇಕು. ಮೂರನೆಯ ದಾರಿ ಹಿಲಿಕ್ ಕಾಲಮ್ (ನೀರಿನಲ್ಲಿ ಕರಗುವ ಅಣುಗಳನ್ನು ಹಿಡಿದಿಡುವಂಥದ್ದು) ಮತ್ತು ಮಾಸ್ ಸ್ಪೆಕ್ಟ್ರೋಮೀಟರ್. ಆರಂಭದ ದಿನಗಳಲ್ಲಿ ಮಾಂಸದಲ್ಲಿರುವ ಲವಣಗಳು ಇಲ್ಲಿ ಸಂಕೇತವನ್ನು ಹಾಳುಮಾಡುತ್ತಿದ್ದವು. ನ್ಯೂಜಿಲೆಂಡ್‌ನ ಕಾಥ್ರನ್ ಸಂಸ್ಥೆಯವರು ಗ್ರಾಫೈಟ್ ಇಂಗಾಲದ ಎಸ್‌ಪಿಇಯಿಂದ ಲವಣವನ್ನು ತೊಳೆದು ಹಾಕುವ ಕ್ರಮವನ್ನು 2015ರಲ್ಲಿ ಪ್ರಕಟಿಸಿದ ಮೇಲೆ ಈ ವಿಧಾನ ದಿನನಿತ್ಯದ ಬಳಕೆಗೆ ಒಗ್ಗಿತು. ನಿಮ್ಮಲ್ಲಿ ಯಂತ್ರ ಈಗಾಗಲೇ ಇರುವುದರಿಂದ ಅಂತಿಮ ಗುರಿ ಇದೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಯಂತ್ರ ಇಡೀ ದಿನ ಆಂಟಿಬಯೋಟಿಕ್ ಮಾದರಿಗಳಿಗೆ ಮೀಸಲಾಗಿದ್ದರೆ, ಬಿಡುವಾಗಿರುವ ಎಚ್‌ಪಿಎಲ್‌ಸಿಯಲ್ಲಿ ಲಾರೆನ್ಸ್ ವಿಧಾನವನ್ನು ಆರಂಭಿಸುವುದೇ ಲೇಸು. ಕಾಲಮ್ ಬದಲಿಸುವುದು, ಹಿಲಿಕ್ ಸಮಸ್ಥಿತಿಗೆ ಬರುವ ತನಕ ಕಾಯುವುದು, ಮತ್ತೆ ಹಿಂದಿನ ಕೆಲಸಕ್ಕೆ ಮರಳುವುದು ಎಂದರೆ ಎರಡೂ ಕೆಲಸಗಳು ಕೆಡುತ್ತವೆ.

ಉತ್ತರ — ಮತ್ಸ್ಯ ವಿಜ್ಞಾನದ ಮೇಷ್ಟ್ರು

ಎರಡನೆಯ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಇಲಿಯ ಪರೀಕ್ಷೆ ಏನನ್ನು ಅಳೆಯುತ್ತದೆ, ಯಂತ್ರ ಏನನ್ನು ಅಳೆಯುತ್ತದೆ ಎಂಬುದು ಸ್ಪಷ್ಟವಾದರೆ ಸಂಖ್ಯೆಗಳು ಏಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಸೊಮರ್ ಮತ್ತು ಮೇಯರ್ 1937ರಲ್ಲಿ ವಿವರಿಸಿದ ವಿಧಾನವೇ ಮುಂದೆ ಎಒಎಸಿ 959.08 ಆಯಿತು. 100 ಗ್ರಾಂ ಮಾಂಸವನ್ನು ಅಷ್ಟೇ ಪ್ರಮಾಣದ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಕುದಿಸಿ, ತಿಳಿಯ 1 ಮಿಲಿಲೀಟರ್ ಅನ್ನು ಸುಮಾರು 20 ಗ್ರಾಂ ತೂಕದ ಇಲಿಯ ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿ, ಅದು ಕೊನೆಯ ಉಸಿರೆಳೆಯುವ ತನಕದ ಸಮಯವನ್ನು ಗಡಿಯಾರದಲ್ಲಿ ನೋಡಿ, ಕೋಷ್ಟಕದ ಮೂಲಕ ಇಲಿ ಘಟಕಗಳಿಗೆ ಪರಿವರ್ತಿಸುತ್ತಾರೆ. 20 ಗ್ರಾಂ ಇಲಿಯನ್ನು 15 ನಿಮಿಷದಲ್ಲಿ ಕೊಲ್ಲುವಷ್ಟು ವಿಷ ಒಂದು ಘಟಕ. ಅಂದರೆ ಇಲ್ಲಿ ಅಳೆಯುತ್ತಿರುವುದು ಸಾರದಲ್ಲಿರುವ ಎಲ್ಲ ವಿಷಗಳ ಒಟ್ಟು ಪರಿಣಾಮವನ್ನು. ಯಾವ ಅಣು, ಎಷ್ಟು ಎಂಬುದು ಇಲಿಗೆ ಗೊತ್ತಿಲ್ಲ. ಲವಣಾಂಶ ಹೆಚ್ಚಿದ್ದರೆ ಸಾವು ತಡವಾಗಿ ವಿಷ ಕಡಿಮೆ ಎಂದು ತೋರುತ್ತದೆ. ಪತ್ತೆಯ ಕನಿಷ್ಠ ಮಟ್ಟವೂ ಕಾನೂನು ಮಿತಿಯ ಸುಮಾರು ಅರ್ಧದಷ್ಟು ಎತ್ತರದಲ್ಲಿದೆ; ಅದಕ್ಕಿಂತ ಕೆಳಗೆ ವಿಷ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಇಲಿ ಹೇಳಲಾರದು.

ಯಂತ್ರವಾದರೋ ಪ್ರತಿ ಅಣುವನ್ನು ಪ್ರತ್ಯೇಕವಾಗಿ ಅಳೆದು, ಅದರ ವಿಷತ್ವದ ಗುಣಕದಿಂದ (ಸ್ಯಾಕ್ಸಿಟಾಕ್ಸಿನ್‌ಗೆ ಹೋಲಿಸಿದರೆ ಅದು ಎಷ್ಟು ಪ್ರಬಲ ಎಂಬ ಸಂಖ್ಯೆ) ಗುಣಿಸಿ, ಎಲ್ಲವನ್ನೂ ಕೂಡಿ 'ಸ್ಯಾಕ್ಸಿಟಾಕ್ಸಿನ್ ಸಮಾನ' ಎಂಬ ಒಂದೇ ಸಂಖ್ಯೆಯನ್ನು ಕೊಡುತ್ತದೆ. ಈ ಗುಣಕಗಳ ಪಟ್ಟಿ ಒಂದೇ ಅಲ್ಲ. ನಿಯೊಸ್ಯಾಕ್ಸಿಟಾಕ್ಸಿನ್‌ಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ 2009ರ ಪಟ್ಟಿ 1 ಎಂಬ ಗುಣಕ ಕೊಟ್ಟರೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ 2016ರ ಪಟ್ಟಿ 2 ಕೊಡುತ್ತದೆ. ಒಂದು ಮಾದರಿಯಲ್ಲಿ ಕಿಲೋಗೆ 200 ಮೈಕ್ರೋಗ್ರಾಂ ನಿಯೊಸ್ಯಾಕ್ಸಿಟಾಕ್ಸಿನ್ ಇದ್ದು, ಉಳಿದ ಅಣುಗಳು ಸೇರಿ 500 ಆಗುತ್ತವೆ ಎಂದಿಟ್ಟುಕೊಳ್ಳಿ. ಮಿತಿ 800 (0.8 ಮಿಲಿಗ್ರಾಂ). ಮೊದಲ ಪಟ್ಟಿಯಲ್ಲಿ ಒಟ್ಟು 700, ಮಾದರಿ ಪಾಸು. ಎರಡನೆಯದರಲ್ಲಿ 900, ಮಾದರಿ ಫೇಲು. ಮಾಂಸವೂ ಅದೇ, ಪೀಕ್‌ಗಳೂ ಅವೇ.

ಇನ್ನೂ ಸೂಕ್ಷ್ಮವಾದ ಕಾರಣವೊಂದಿದೆ. ಸಿ1, ಸಿ2, ಗೊನಿಯಾಟಾಕ್ಸಿನ್ 5 ಇಂಥ ಸಲ್ಫೊಕಾರ್ಬಮೊಯಿಲ್ ಅಣುಗಳು ತಾವಾಗಿ ಬಹಳ ದುರ್ಬಲ ವಿಷಗಳು. ಪ್ರಬಲ ಆಮ್ಲದಲ್ಲಿ ಬಿಸಿಯಾದರೆ ಸಲ್ಫೇಟ್ ಕಳಚಿಕೊಂಡು ಹತ್ತಾರು ಪಟ್ಟು ಪ್ರಬಲವಾದ ಅಣುಗಳಾಗುತ್ತವೆ. ಆದ್ದರಿಂದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕುದಿಸುವಾಗ ಪಿಎಚ್ ಕೈಮೀರಿ ಇಳಿದರೆ ವಿಷವನ್ನು ನೀವೇ ಸೃಷ್ಟಿಸಿದಂತಾಗುತ್ತದೆ. ಅತ್ತ ಕ್ಷಾರದ ಕಡೆಗೆ ಸರಿದರೆ ಸ್ಯಾಕ್ಸಿಟಾಕ್ಸಿನ್ ಒಡೆದುಹೋಗುತ್ತದೆ. ಕುದಿಸಿದ ನಂತರ ಪಿಎಚ್ 2ರಿಂದ 4ರ ನಡುವೆ ಇರಲೇಬೇಕು ಎಂಬ ಹಳೆಯ ನಿಯಮಕ್ಕೆ ಇದೇ ಕಾರಣ. ಇದು ನಮಗೆ ಮುಖ್ಯವಾದ ವಿಷಯ, ಏಕೆಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ವರದಿಯಾಗಿರುವ ಜಿಮ್ನೊಡಿನಿಯಂ ಕ್ಯಾಟೆನೇಟಂ ಎಂಬ ಪಾಚಿ ಹೆಚ್ಚಾಗಿ ತಯಾರಿಸುವುದು ಇಂಥ ಸಲ್ಫೊಕಾರ್ಬಮೊಯಿಲ್ ಅಣುಗಳನ್ನೇ. ಉತ್ತರ ಅಟ್ಲಾಂಟಿಕ್‌ನ ಅಲೆಕ್ಸಾಂಡ್ರಿಯಂ ಪಾಚಿಯ ಮಾದರಿಗಳಲ್ಲಿ ಕಾಣದ ಹೊಂದಾಣಿಕೆಯ ತೊಂದರೆ ಇಲ್ಲಿ ಕಾಣಬಹುದು. ಅದೇ ಪಾಚಿ ಬೆಂಜೊಯೇಟ್ ಗುಂಪು ಹೊತ್ತ ಇನ್ನೂ ಕೆಲವು ಸ್ಯಾಕ್ಸಿಟಾಕ್ಸಿನ್‌ಗಳನ್ನು ಮಾಡುತ್ತದೆ. ಅವು ದಿನನಿತ್ಯದ ಪರೀಕ್ಷೆಗಳ ಪಟ್ಟಿಯಲ್ಲಿ ಇರುವುದಿಲ್ಲ.

ಅಟ್ಲಾಂಟಿಕ್ ಕನ್ನಡಿಗರ ಮಾತಿಗೆ ನನ್ನ ಸಣ್ಣ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ರಾಸಾಯನಿಕ ವಿಧಾನ ತನ್ನ ಪಟ್ಟಿಯಲ್ಲಿರುವ ಅಣುವನ್ನು ಮಾತ್ರ ನೋಡುತ್ತದೆ. 1987ರ ಕೊನೆಯಲ್ಲಿ ಅವರದೇ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವರು ಸತ್ತರು, ಕೆಲವರಿಗೆ ನೆನಪಿನ ಶಕ್ತಿ ಮರಳಲೇ ಇಲ್ಲ. ಆ ಪಚ್ಚಿಲೆಯ ಸಾರ ಚುಚ್ಚಿದ ಇಲಿಗಳು ಸ್ಯಾಕ್ಸಿಟಾಕ್ಸಿನ್‌ಗೆ ಸಾಯುವಂತೆ ಸಾಯದೆ, ಹಿಂಗಾಲಿನಿಂದ ವಿಚಿತ್ರವಾಗಿ ಮೈ ಕೆರೆದುಕೊಂಡವು. ಇದು ಬೇರೆಯೇ ವಿಷ ಎಂಬ ಮೊದಲ ಸುಳಿವು ಅದೇ. ಹ್ಯಾಲಿಫ್ಯಾಕ್ಸ್‌ನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಂಡ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಯಾವ ಭಾಗ ಇಲಿಯನ್ನು ಕಾಡುತ್ತದೆಂದು ಬೆನ್ನಟ್ಟಿ ಕೆಲವೇ ದಿನಗಳಲ್ಲಿ ಡೊಮೊಯಿಕ್ ಆಮ್ಲವನ್ನು ಗುರುತಿಸಿತು. 1995ರಲ್ಲಿ ಐರ್ಲೆಂಡಿನ ಕಿಲರಿ ಹಾರ್ಬರ್‌ನ ಪಚ್ಚಿಲೆ ನೆದರ್ಲೆಂಡ್ಸ್‌ನಲ್ಲಿ ಜನರಿಗೆ ವಾಂತಿ ಭೇದಿ ತಂದಾಗಲೂ ಒಕಾಡಾಯಿಕ್ ಆಮ್ಲ ತೀರ ಕಡಿಮೆ ಇತ್ತು. ಇಲಿ ಮಾತ್ರ ಏನೋ ಇದೆ ಎಂದಿತು, ಅದೇ ಮುಂದೆ ಅಜಾಸ್ಪಿರಾಸಿಡ್ ಎಂದು ಹೆಸರಾಯಿತು. ಇಲಿಯನ್ನು ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಅದು ಹೋದಾಗ ಅದರೊಡನೆ ಹೋದ ಸಾಮರ್ಥ್ಯವನ್ನು ಬೇರೆ ಯಾವುದಾದರೂ ರೀತಿಯಲ್ಲಿ ತುಂಬಿಕೊಳ್ಳಬೇಕು ಎಂಬುದಷ್ಟೇ ನನ್ನ ವಾದ.

ಉತ್ತರ — ಅಟ್ಲಾಂಟಿಕ್ ಕನ್ನಡಿಗ

ಮೇಷ್ಟ್ರೇ, ಇತಿಹಾಸವನ್ನು ಒಪ್ಪುತ್ತೇನೆ. ಆದರೆ ಇಲಿ ಅಪಾಯವಿಲ್ಲದ ಕಡೆಯೂ ಕೂಗಿದೆ ಎಂಬುದನ್ನು ಸೇರಿಸಿಕೊಳ್ಳಿ. ಸ್ಪೈರೊಲೈಡ್ ಮತ್ತು ಜಿಮ್ನೊಡಿಮೈನ್ ಎಂಬ ಅಣುಗಳು ಇಲಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತವೆ; ಮನುಷ್ಯರಿಗೆ ಅವುಗಳಿಂದ ಕಾಯಿಲೆ ಬಂದದ್ದು ದೃಢಪಟ್ಟಿಲ್ಲ. ಕೊಬ್ಬುಕರಗ (ಕೊಬ್ಬಿನಲ್ಲಿ ಕರಗುವ) ವಿಷಗಳ ಪರೀಕ್ಷೆಯಲ್ಲಿ ಮಾಂಸದ ಸಾಮಾನ್ಯ ಕೊಬ್ಬಿನಾಮ್ಲಗಳೇ ಇಲಿಯನ್ನು ಕೊಂದದ್ದೂ ಉಂಟು. ಯುರೋಪಿನ ಒಕ್ಕೂಟ 2011ರ ಜುಲೈಯಿಂದ ಈ ಗುಂಪಿಗೆ ಎಲ್‌ಸಿ-ಎಂಎಸ್/ಎಂಎಸ್ ಅನ್ನೇ ಪ್ರಮಾಣ ವಿಧಾನವಾಗಿ ಮಾಡಿ, ಇಲಿಗೆ 2014ರ ಕೊನೆಯ ತನಕ ಮಾತ್ರ ಅವಕಾಶ ಕೊಟ್ಟಿತು. ಸ್ಯಾಕ್ಸಿಟಾಕ್ಸಿನ್ ಬಳಗಕ್ಕೆ 2019ರಿಂದ ಲಾರೆನ್ಸ್ ವಿಧಾನವನ್ನು ಮುಂದಿಟ್ಟಿತು. ಯುರೋಪಿಗೆ ರಫ್ತಾಗುವ ಸರಕನ್ನು ಪರೀಕ್ಷಿಸುವ ಉದ್ದೇಶ ನಿಮಗಿದ್ದರೆ ಆಯ್ಕೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಉತ್ತರ — ರಫ್ತು ಘಟಕದ ಗುಣಮಟ್ಟದವನು

ಕಿಟ್‌ಗಳ ಬಗ್ಗೆ ಎರಡು ಮಾತು. ಎಲೈಸಾ ಆಗಲಿ ಪಟ್ಟಿಯಾಗಲಿ, ಎರಡೂ ಪ್ರತಿಕಾಯವನ್ನು ನಂಬಿವೆ. ಸ್ಯಾಕ್ಸಿಟಾಕ್ಸಿನ್‌ಗಾಗಿ ಬೆಳೆಸಿದ ಪ್ರತಿಕಾಯ ಸ್ಯಾಕ್ಸಿಟಾಕ್ಸಿನ್ ಅನ್ನು ಚೆನ್ನಾಗಿ ಹಿಡಿಯುತ್ತದೆ. ನಿಯೊಸ್ಯಾಕ್ಸಿಟಾಕ್ಸಿನ್ ಮತ್ತು ಗೊನಿಯಾಟಾಕ್ಸಿನ್ 1, 4 ಇವುಗಳನ್ನು ಹಲವು ಕಿಟ್‌ಗಳು ಬಹಳ ದುರ್ಬಲವಾಗಿ ಹಿಡಿಯುತ್ತವೆ. ವಿಷತ್ವದ ಗುಣಕವನ್ನು ಪ್ರತಿಕಾಯ ಲೆಕ್ಕಿಸುವುದಿಲ್ಲ, ಅಣುವಿನ ಆಕಾರವನ್ನಷ್ಟೇ ನೋಡುತ್ತದೆ. ಕಿಟ್ ಕೊಳ್ಳುವ ಮೊದಲು ತಯಾರಕರ ಅಡ್ಡಪ್ರತಿಕ್ರಿಯೆಯ ಕೋಷ್ಟಕವನ್ನು ಕೇಳಿ ತೆಗೆದುಕೊಂಡು, ನಿಮ್ಮ ನೀರಿನಲ್ಲಿರುವ ಪಾಚಿ ಯಾವ ಅಣುಗಳನ್ನು ಮಾಡುತ್ತದೆ ಎಂಬುದರ ಪಕ್ಕದಲ್ಲಿಟ್ಟು ನೋಡಿ. ಹೊಂದಿಕೆಯಾದರೆ ಕಿಟ್ ನಿಜಕ್ಕೂ ಉಪಕಾರಿ: ದಡದಲ್ಲೇ ಪರೀಕ್ಷಿಸಿ ಸಂಶಯದ ಮಾದರಿಗಳನ್ನಷ್ಟೇ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಪಟ್ಟಿಯ ಮಿತಿರೇಖೆ ಕಾನೂನು ಮಿತಿಯ ಅರ್ಧದ ಆಸುಪಾಸಿನಲ್ಲಿರಲಿ. 'ಇಲ್ಲ' ಎಂದು ತೋರಿಸಿದ ಮಾದರಿಗಳಲ್ಲಿಯೂ ಒಂದು ಪಾಲನ್ನು ಯಂತ್ರಕ್ಕೆ ಹಾಕುವ ಕ್ರಮ ಇಟ್ಟುಕೊಳ್ಳದಿದ್ದರೆ ಕಿಟ್ ಯಾವಾಗ ಕೈಕೊಟ್ಟಿತು ಎಂಬುದೇ ಗೊತ್ತಾಗುವುದಿಲ್ಲ.

ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ ಸಂಗತಿ ಮಾದರಿ ಸಂಗ್ರಹ. ಒಂದೇ ಬಂಡೆಯ ಪಚ್ಚಿಲೆಗಳಲ್ಲಿಯೇ ವಿಷದ ಪ್ರಮಾಣ ಒಂದರಿಂದ ಇನ್ನೊಂದಕ್ಕೆ ಹಲವು ಪಟ್ಟು ಬದಲಾಗುತ್ತದೆ. ನಾಲ್ಕಾರು ಚಿಪ್ಪು ತಂದು ಕೊಟ್ಟರೆ ಪರೀಕ್ಷಿಸಬೇಡಿ. 100ರಿಂದ 150 ಗ್ರಾಂ ಮಾಂಸ ಬರುವಷ್ಟು, ಕಡಿಮೆಯೆಂದರೂ ಹತ್ತು ಹನ್ನೆರಡು ಚಿಪ್ಪುಗಳನ್ನು ತೆಗೆದು, ಹೊರಗೆ ತೊಳೆದು, ತೆರೆದು, ಒಳಗಿನ ಮರಳನ್ನೂ ತೊಳೆದು, ಜರಡಿಯಲ್ಲಿ ನೀರು ಬಸಿಯಲು ಬಿಟ್ಟು, ಇಡೀ ಮಾಂಸವನ್ನು ಒಟ್ಟಾಗಿ ನುಣ್ಣಗೆ ಅರೆದ ಮೇಲೆಯೇ ತೂಗಬೇಕು. ವಿಷದ ಹೆಚ್ಚಿನ ಪಾಲು ಜೀರ್ಣಗ್ರಂಥಿಯಲ್ಲಿರುವುದರಿಂದ ಅರೆಯುವಿಕೆ ಒರಟಾದರೆ ಎರಡು ತೂಕಗಳ ಫಲಿತಾಂಶ ಎರಡು ದಿಕ್ಕಿಗೆ ಹೋಗುತ್ತದೆ.

ಬೇಯಿಸಿದ ಮಾದರಿ ಬಂದರೆ ಅದನ್ನು ವರದಿಯಲ್ಲಿ ಬರೆಯಿರಿ. ಕುದಿಸಿದರೆ ಈ ವಿಷಗಳು ನಾಶವಾಗುವುದಿಲ್ಲ. ಸ್ಯಾಕ್ಸಿಟಾಕ್ಸಿನ್ ಮತ್ತು ಡೊಮೊಯಿಕ್ ಆಮ್ಲಗಳ ಒಂದು ಭಾಗ ಬೇಯಿಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಸಾರಿಗೋ ಸುಕ್ಕಕ್ಕೋ ಬಳಸುವ ನಮ್ಮ ಮನೆಗಳಲ್ಲಿ ಅದರಿಂದ ಪ್ರಯೋಜನವೇನೂ ಇಲ್ಲ. ಒಕಾಡಾಯಿಕ್ ಆಮ್ಲದ ಬಳಗದಲ್ಲಂತೂ ಮಾಂಸ ನೀರು ಬಿಟ್ಟು ಕುಗ್ಗುವುದರಿಂದ ಕಿಲೋ ಲೆಕ್ಕದ ಪ್ರಮಾಣ ಮೇಲಕ್ಕೇ ಹೋಗುತ್ತದೆ. ಹಸಿ ಮಾದರಿ ಮಿತಿಯೊಳಗಿದ್ದು ಬೇಯಿಸಿ ಶೈತ್ಯೀಕರಿಸಿದ ಸರಕು ಮಿತಿ ಮೀರಿದರೆ ಪ್ರಯೋಗಾಲಯವನ್ನು ದೂರುವ ಮೊದಲು ಇದನ್ನು ನೋಡಬೇಕು.

ಪ್ರತಿಕ್ರಿಯೆ — ಕರಾವಳಿ ವಿಶ್ಲೇಷಕಿ

ಎಲ್ಲರಿಗೂ ಧನ್ಯವಾದಗಳು. ಡೊಮೊಯಿಕ್ ಆಮ್ಲವನ್ನು ಯುವಿಯಲ್ಲಿ, ಸ್ಯಾಕ್ಸಿಟಾಕ್ಸಿನ್ ಬಳಗವನ್ನು ಲಾರೆನ್ಸ್ ವಿಧಾನದಲ್ಲಿ, ಕೊಬ್ಬುಕರಗ ವಿಷಗಳನ್ನು ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಎಂದು ಟಿಪ್ಪಣಿಯ ಮೊದಲ ಕರಡನ್ನು ತಿದ್ದಿದ್ದೇನೆ. ಇನ್ನೆರಡು ಸಂದೇಹಗಳಿವೆ. ಕೊಬ್ಬುಕರಗ ವಿಷಗಳ ವಿಧಾನದಲ್ಲಿ ಪ್ರತಿ ಮಾದರಿಯನ್ನೂ ಕ್ಷಾರದಲ್ಲಿ ಜಲವಿಭಜನೆ ಮಾಡಿ ಎರಡನೆಯ ಬಾರಿ ಓಡಿಸಬೇಕೆಂದಿದೆ. ಇದನ್ನು ಬಿಟ್ಟರೆ ಅರ್ಧ ಸಮಯ ಉಳಿಯುತ್ತದೆ, ಬಿಡಬಹುದೇ? ಮತ್ತೊಂದು, ಸ್ಯಾಕ್ಸಿಟಾಕ್ಸಿನ್ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಬೇಕಾದ, ಪ್ರಮಾಣ ಗೊತ್ತಿರುವ ವಿಷ) ತರಿಸಲು ಕಾನೂನಿನ ತೊಡಕುಗಳಿವೆ ಎಂದು ಕೇಳಿದೆ, ಅದು ನಿಜವೇ?

ಉತ್ತರ — ಅಟ್ಲಾಂಟಿಕ್ ಕನ್ನಡಿಗ

ಜಲವಿಭಜನೆಯನ್ನು ಬಿಡಲಾಗದು. ಒಕಾಡಾಯಿಕ್ ಆಮ್ಲವನ್ನೂ ಡೈನೊಫೈಸಿಸ್‌ಟಾಕ್ಸಿನ್‌ಗಳನ್ನೂ ಚಿಪ್ಪುಮೀನು ತನ್ನ ದೇಹದಲ್ಲಿ ಕೊಬ್ಬಿನಾಮ್ಲಗಳಿಗೆ ಬೆಸೆದು ಎಸ್ಟರ್‌ಗಳಾಗಿ ಇಟ್ಟುಕೊಳ್ಳುತ್ತದೆ. ತಿಂದವರ ಹೊಟ್ಟೆಯಲ್ಲಿ ಆ ಬೆಸುಗೆ ಬಿಚ್ಚಿಕೊಳ್ಳುತ್ತದೆ, ನಿಮ್ಮ ಮೆಥನಾಲ್ ಸಾರದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕೆಲವು ಜಾತಿಗಳಲ್ಲಿ ಒಟ್ಟು ವಿಷದ ಬಹುಪಾಲು ಎಸ್ಟರ್ ರೂಪದಲ್ಲೇ ಇರುತ್ತದೆ. ಸಾರಕ್ಕೆ 2.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ 76 ಡಿಗ್ರಿಯಲ್ಲಿ 40 ನಿಮಿಷ ಇಟ್ಟು, ಹೈಡ್ರೊಕ್ಲೋರಿಕ್ ಆಮ್ಲದಿಂದ ತಟಸ್ಥಗೊಳಿಸುವುದು ರೂಢಿಯ ಕ್ರಮ. ಸೀಸೆಯ ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಮೆಥನಾಲ್ ಆವಿಯಾಗಿ ಗಾತ್ರ ಕಡಿಮೆಯಾಗುತ್ತದೆ, ವಿಷ ಹೆಚ್ಚಿದಂತೆ ತೋರುತ್ತದೆ. ಮೊದಲೂ ಆಮೇಲೂ ಸೀಸೆಯನ್ನು ತೂಗುವುದು ಅಗ್ಗದ ವಿಮೆ. ಜಲವಿಭಜಿಸಿದ ಸಾರದಲ್ಲಿ ಅಜಾಸ್ಪಿರಾಸಿಡ್ ಮತ್ತು ಪೆಕ್ಟೆನೊಟಾಕ್ಸಿನ್ (ಕೊಬ್ಬುಕರಗ ವಿಷಗಳಲ್ಲೇ ಇನ್ನೊಂದು) ಇವುಗಳನ್ನು ಓದಬೇಡಿ, ಕ್ಷಾರದಲ್ಲಿ ಪೆಕ್ಟೆನೊಟಾಕ್ಸಿನ್ ಉಳಿಯುವುದಿಲ್ಲ. ಅವುಗಳಿಗೆ ಮೊದಲ ಓಟವೇ ಆಧಾರ.

ಇನ್ನೊಂದು ಎಚ್ಚರಿಕೆ: ಒಕಾಡಾಯಿಕ್ ಆಮ್ಲ ಮತ್ತು ಡೈನೊಫೈಸಿಸ್‌ಟಾಕ್ಸಿನ್ 2 ಎರಡಕ್ಕೂ ಒಂದೇ ಅಣುತೂಕ. ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ಬೇರೆ ಬೇರೆ ಎಂದು ಹೇಳಲಾರದು, ಕಾಲಮ್ಮೇ ಬೇರ್ಪಡಿಸಬೇಕು. ಗುಣಕಗಳು ಬೇರೆ ಇರುವುದರಿಂದ ಎರಡನ್ನೂ ಒಂದೇ ಪೀಕ್ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮ್ಯಾಟ್ರಿಕ್ಸ್‌ನಿಂದ (ಸಾರದಲ್ಲಿರುವ ಮಾಂಸದ ಇತರ ಘಟಕಗಳಿಂದ) ಸಂಕೇತ ಕುಗ್ಗುವುದನ್ನು ಪ್ರತಿ ಜಾತಿಗೂ ಪ್ರತ್ಯೇಕವಾಗಿ ಪರಿಶೀಲಿಸಿ; ಪಚ್ಚಿಲೆಗೆ ಸರಿಹೋದದ್ದು ಮರುವಾಯಿಗೂ ಸರಿಹೋಗುತ್ತದೆಂದು ಭಾವಿಸಬೇಡಿ.

ಸ್ಟ್ಯಾಂಡರ್ಡ್ ಬಗ್ಗೆ ನೀವು ಕೇಳಿದ್ದು ನಿಜ. ರಾಸಾಯನಿಕ ಅಸ್ತ್ರಗಳ ಒಪ್ಪಂದದ ಮೊದಲನೆಯ ಅನುಸೂಚಿಯಲ್ಲಿರುವ ಎರಡು ಜೈವಿಕ ವಿಷಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಒಂದು, ಹರಳುಬೀಜದ ರೈಸಿನ್ ಇನ್ನೊಂದು. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಸೀಸೆಯಲ್ಲಿರುವುದು ಮೈಕ್ರೋಗ್ರಾಂ ಲೆಕ್ಕದ ವಿಷವಾದರೂ ಕಾಗದಪತ್ರಗಳಿಗೆ ತಿಂಗಳುಗಳೇ ಬೇಕಾಗಬಹುದು ಎಂದು ಲೆಕ್ಕ ಹಾಕಿ, ಯಂತ್ರದ ತಯಾರಿಗೂ ಮೊದಲೇ ಆ ಕೆಲಸವನ್ನು ಆರಂಭಿಸಿ. ದೃಢೀಕೃತ ದ್ರಾವಣಗಳನ್ನೂ, ವಿಷದ ಪ್ರಮಾಣ ನಿಗದಿಯಾಗಿರುವ ಪಚ್ಚಿಲೆ ಮಾಂಸವನ್ನೂ ಹ್ಯಾಲಿಫ್ಯಾಕ್ಸ್‌ನ ಅದೇ ರಾಷ್ಟ್ರೀಯ ಸಂಶೋಧನಾ ಮಂಡಳಿ ಒದಗಿಸುತ್ತದೆ. ಮಾಂಸದ ಸ್ಟ್ಯಾಂಡರ್ಡ್ ದುಬಾರಿಯಾದರೂ ಕೊಳ್ಳಿ; ಶುದ್ಧ ದ್ರಾವಣ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಸಾರ ತೆಗೆಯುವ ಕೈಗಳನ್ನು ಪರೀಕ್ಷಿಸುವುದಿಲ್ಲ.

ಉತ್ತರ — ಮತ್ಸ್ಯ ವಿಜ್ಞಾನದ ಮೇಷ್ಟ್ರು

ಪಟ್ಟಿಯಲ್ಲಿಲ್ಲದ ವಿಷಗಳ ಬಗ್ಗೆ ನಾನು ಎತ್ತಿದ ಮಾತಿಗೆ ಕಾರ್ಯಸಾಧ್ಯವಾದ ಉತ್ತರವನ್ನು ನಾನೇ ಸೂಚಿಸಬೇಕು. ಒಂದು ದಾರಿ ಗ್ರಾಹಕ ಬಂಧನ (ರಿಸೆಪ್ಟರ್ ಬೈಂಡಿಂಗ್) ಪರೀಕ್ಷೆ, ಎಒಎಸಿ 2011.27. ಇಲಿಯ ಬದಲು ಇಲಿಜಾತಿಯ ಮೆದುಳಿನಿಂದ ತೆಗೆದ ಪೊರೆಯ ಸೋಡಿಯಂ ಕಾಲುವೆಗಳನ್ನು (ಸ್ಯಾಕ್ಸಿಟಾಕ್ಸಿನ್ ಮುಚ್ಚುವ ನರಕೋಶದ ದ್ವಾರಗಳನ್ನು) ಬಾವಿಗಳಿರುವ ತಟ್ಟೆಯಲ್ಲಿಟ್ಟು, ಟ್ರೀಟಿಯಂ (ವಿಕಿರಣ ಸೂಸುವ ಹೈಡ್ರೊಜನ್) ಅಂಟಿಸಿದ ಸ್ಯಾಕ್ಸಿಟಾಕ್ಸಿನ್ ಜೊತೆ ಮಾದರಿಯ ವಿಷ ಎಷ್ಟು ಪೈಪೋಟಿ ನಡೆಸುತ್ತದೆ ಎಂದು ಅಳೆಯುತ್ತಾರೆ. ಸ್ಟ್ಯಾಂಡರ್ಡ್ ಇಲ್ಲದ ಅಣುವಾದರೂ ಕಾಲುವೆಯನ್ನು ಮುಚ್ಚುವಂಥದ್ದಾದರೆ ಇಲ್ಲಿ ಕಾಣಿಸುತ್ತದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಈ ವಿಧಾನವನ್ನು ಏಷ್ಯಾದ ದೇಶಗಳಲ್ಲಿ ಹಬ್ಬಿಸಲು ನೆರವಾಗಿದೆ. ವಿಕಿರಣ ವಸ್ತುವಿನ ಪರವಾನಗಿ, ಸಿಂಟಿಲೇಶನ್ ಕೌಂಟರ್ ಎರಡೂ ಬೇಕಾಗುವುದರಿಂದ ನಿಮ್ಮಲ್ಲೇ ಮಾಡಬೇಕೆಂದಿಲ್ಲ. ಯಾವುದಾದರೂ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಳ್ಳಬಹುದು.

ಎರಡನೆಯ ದಾರಿ ಇನ್ನೂ ಅಗ್ಗ. ಚಿಪ್ಪು ಬರುವ ನದೀಮುಖದ ನೀರನ್ನು ಪ್ರತಿ ವಾರ ಸೂಕ್ಷ್ಮದರ್ಶಕದಲ್ಲಿ ನೋಡುವ ವ್ಯವಸ್ಥೆ ಇರಲಿ. ಕಡಲು ಕೆಂಪಾಗುವ ತನಕ ಕಾಯುವುದು ಸಲ್ಲದು. ಒಕಾಡಾಯಿಕ್ ಆಮ್ಲದ ಬಳಗವನ್ನು ತಯಾರಿಸುವ ಡೈನೊಫೈಸಿಸ್ ಪಾಚಿ ಲೀಟರಿಗೆ ಕೆಲವು ನೂರು ಕೋಶಗಳಷ್ಟಿದ್ದರೂ ಪಚ್ಚಿಲೆ ಮಿತಿ ಮೀರಬಲ್ಲದು, ನೀರಿನ ಬಣ್ಣ ಕಿಂಚಿತ್ತೂ ಬದಲಾಗಿರುವುದಿಲ್ಲ. ಯಾವ ಪಾಚಿ ಬಂದಿದೆ ಎಂಬುದು ಗೊತ್ತಿದ್ದರೆ ಯಾವ ಪರೀಕ್ಷೆಯನ್ನು ಮೊದಲು ಹಚ್ಚಬೇಕು, ಕಿಟ್ ಆ ವಾರ ನಂಬಲರ್ಹವೇ ಎಂಬುದೂ ಗೊತ್ತಾಗುತ್ತದೆ.

ವರದಿಯ ನಮೂನೆಯ ಬಗ್ಗೆ ಒಂದು ಸಲಹೆ. 'ಸ್ಯಾಕ್ಸಿಟಾಕ್ಸಿನ್ ಸಮಾನ ಇಷ್ಟು' ಎಂಬ ಒಂದೇ ಸಾಲನ್ನು ಕೊಡಬೇಡಿ. ವಿಧಾನದ ಸಂಖ್ಯೆ, ಬಳಸಿದ ಗುಣಕಗಳ ಪಟ್ಟಿಯ ವರ್ಷ, ಅಳೆದ ಪ್ರತಿ ಅಣುವಿನ ಪ್ರಮಾಣ, ಪತ್ತೆಮಿತಿಗಿಂತ ಕೆಳಗಿದ್ದವನ್ನು ಸೊನ್ನೆಯೆಂದು ಕೂಡಿದಿರೋ ಮಿತಿಯ ಬೆಲೆಯನ್ನೇ ಕೂಡಿದಿರೋ ಎಂಬುದು, ಗೊನಿಯಾಟಾಕ್ಸಿನ್ 2 ಮತ್ತು 3ರಂತೆ ಲಾರೆನ್ಸ್ ವಿಧಾನದಲ್ಲಿ ಬೇರ್ಪಡದ ಜೋಡಿಗಳಿಗೆ ದೊಡ್ಡ ಗುಣಕವನ್ನೇ ಹಚ್ಚಿದ್ದೀರಿ ಎಂಬುದು, ಇಷ್ಟೂ ವರದಿಯಲ್ಲಿರಲಿ. ಗುಣಕಗಳ ಪಟ್ಟಿ ಮುಂದೆ ಬದಲಾದರೆ ಹಳೆಯ ಮಾದರಿಗಳ ಲೆಕ್ಕವನ್ನು ಕಾಗದದ ಮೇಲೆಯೇ ಹೊಸದಾಗಿ ಮಾಡಿಕೊಳ್ಳಬಹುದು.

ಪ್ರತಿಕ್ರಿಯೆ — ಕರಾವಳಿ ವಿಶ್ಲೇಷಕಿ

ವರದಿಯ ನಮೂನೆಯನ್ನು ಸರ್ ಹೇಳಿದಂತೆಯೇ ಟಿಪ್ಪಣಿಗೆ ಲಗತ್ತಿಸುತ್ತೇನೆ. ಸ್ಟ್ಯಾಂಡರ್ಡ್ ಆಮದಿನ ಅರ್ಜಿಯನ್ನು ಪ್ರತ್ಯೇಕ ಕಡತವಾಗಿ ಮೊದಲೇ ಹೊರಡಿಸಲು ಆಡಳಿತದವರು ಒಪ್ಪಿದ್ದಾರೆ. ಅದು ಬರುವ ತನಕ ಡೊಮೊಯಿಕ್ ಆಮ್ಲ ಮತ್ತು ಕೊಬ್ಬುಕರಗ ವಿಷಗಳ ವಿಧಾನಗಳ ದೃಢೀಕರಣವನ್ನು ಪಚ್ಚಿಲೆಗೂ ಮರುವಾಯಿಗೂ ಬೇರೆ ಬೇರೆಯಾಗಿ ಮಾಡಿಕೊಳ್ಳುತ್ತೇವೆ.